ಕ್ಯಾರಂ ಪೌಡರು, ಸಕ್ಕರೆ ನೀರು, ಮೂರು ವಾರದ ತಾಳ್ಮೆ

ಹೋದ ವರ್ಷ ಯುಗಾದಿಗೆ ಇನ್ನೆರಡು ದಿನ ಇದೆ ಅನ್ನುವಾಗ ಅಡುಗೆಮನೆಗೆ ಇರುವೆ ಔಷಧಿ ಹೊಡೆಸಿದೆ. ಹೂರಣ ರುಬ್ಬಿ ಇಟ್ಟರೆ ಹತ್ತು ನಿಮಿಷದಲ್ಲಿ ಸಾಲು ಹಿಡಿಯುತ್ತಿದ್ದವು, ಸಾಕಾಗಿ ಹೋಗಿತ್ತು. ಬಂದ ಹುಡುಗ ಸಿಂಕಿನ ಕೆಳಗೆ, ಕಟ್ಟೆಯ ಸಂದಿಗೆ, ಕಿಟಕಿ ಚೌಕಟ್ಟಿಗೆ ಚೆನ್ನಾಗಿಯೇ ಹೊಡೆದು, ದುಡ್ಡು ತೆಗೆದುಕೊಂಡು ಹೋದ. ಹಬ್ಬ ನಿರಾಳವಾಗಿ ಕಳೆಯಿತು. ಮುಂದಿನ ವಾರ ನೋಡಿದರೆ ದೇವರ ಮನೆಯಲ್ಲಿ ಒಂದು ಸಾಲು. ಫ್ರಿಜ್ಜಿನ ಬಾಗಿಲ ರಬ್ಬರಿನೊಳಗೆ ಇನ್ನೊಂದು. ಬಚ್ಚಲಿನ ಸ್ವಿಚ್ ಬೋರ್ಡಿನಿಂದ ಮತ್ತೊಂದು. ಕೊನೆಗೆ ಅತ್ತೆಯವರ ಮಾತ್ರೆ ಡಬ್ಬದಲ್ಲೂ.

ನನ್ನ ಅಕ್ಕನ ಮಗಳು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯಲ್ಲಿ ಕೀಟಗಳ ಬಗ್ಗೆ ಓದಿದವಳು. ಫೋನು ಮಾಡಿ ಗೋಳು ಹೇಳಿಕೊಂಡರೆ ನಕ್ಕಳು. "ಚಿಕ್ಕಮ್ಮ, ಓಡಿಸಿದೆ ಅಂದುಕೊಂಡಿದ್ದೀರಿ. ಅವಕ್ಕೆ ನೀವೇ ಮನೆ ಪಾಲು ಮಾಡಿಕೊಟ್ಟಿದ್ದೀರಿ" ಅಂದಳು. ಆವತ್ತಿನಿಂದ ಮೂರು ತಿಂಗಳು ನಾನು ಇರುವೆಗಳ ಹಿಂದೆ ಬಿದ್ದೆ. ಮೈಸೂರಿನ ಈ ಹಳೇ ಮನೆಯ ಅಡುಗೆಮನೆಯಲ್ಲಿ, ತಾರಸಿಯ ನಲವತ್ತು ಕುಂಡಗಳಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇದೇ ಕಥೆ ಆಗಿದ್ದರೆ ಮೊದಲು ಸ್ಪ್ರೇ ಡಬ್ಬ ಮೇಲಿನ ಅಟ್ಟಕ್ಕೆ ಹಾಕಿ.

ಯಾವ ಇರುವೆ ಅಂತ ಮೊದಲು ನೋಡಿ

ಎಲ್ಲ ಇರುವೆಗೂ ಒಂದೇ ಮದ್ದಿಲ್ಲ. ತಾರಸಿ ಮೇಲೆ ಒಂಟಿಯಾಗಿ ಓಡಾಡುವ ದಪ್ಪ ಕಪ್ಪು ಗೊದ್ದ, ಮಾವಿನ ಮರದಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಿಗಳಿ, ಇವು ನಮ್ಮ ಊರಿನವು. ಮನೆಯೊಳಗೆ ಬಂದು ಸಂಸಾರ ಹೂಡುವುದಿಲ್ಲ. ಅವನ್ನು ಸುಮ್ನೆ ಬಿಡಿ. ಎಲ್ಲವನ್ನೂ ಕೊಂದು ಜಾಗ ಖಾಲಿ ಮಾಡಿದರೆ ಆ ಖಾಲಿ ಜಾಗಕ್ಕೆ ಬಂದು ಕೂರುವುದು ಅಲೆಮಾರಿ ಇರುವೆಗಳೇ.

ಅಲೆಮಾರಿಗಳು ಅಂದರೆ ಹಡಗು, ಲಾರಿ, ಹೂಕುಂಡ, ಸಾಮಾನಿನ ಪೆಟ್ಟಿಗೆ ಹಿಡಿದು ಲೋಕ ಸುತ್ತಿದ ಜಾತಿಗಳು. ಮನೆಯಲ್ಲಿ ಸಿಗುವುದು ಸಾಮಾನ್ಯವಾಗಿ ಮೂರು. ಮೊದಲನೆಯದು ತುಪ್ಪ ಕಾಯಿಸಿದ ಬಣ್ಣದ್ದು, ಎರಡು ಮಿಲಿಮೀಟರ್ ಉದ್ದ, ಹಿಂಭಾಗ ತುಸು ಕಪ್ಪು. ಫೇರೋ ಇರುವೆ ಅಂತಾರೆ. ಫೇರೋ ಅಂದರೆ ಹಳೇ ಈಜಿಪ್ಟಿನ ರಾಜ. ಅಲ್ಲಿಂದ ಬಂದ ಮಾದರಿ ನೋಡಿ 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇಟ್ಟ ಹೆಸರು. ಚಳಿ ದೇಶಗಳಲ್ಲಿ ಇದು ಬೆಚ್ಚಗಿರುವ ಆಸ್ಪತ್ರೆ ಕಟ್ಟಡಗಳಲ್ಲಿ ಸೇರಿಕೊಂಡು ಗಾಯದ ಪಟ್ಟಿಯವರೆಗೂ ಹೋಗಿ ಕುಖ್ಯಾತಿ ಪಡೆದಿದೆ. ಎರಡನೆಯದು ಇನ್ನೂ ಸಣ್ಣದು. ತಲೆ ಕಪ್ಪು, ಉಳಿದ ಮೈ ಹಾಲು ನೀರು ಬೆರೆಸಿದ ಹಾಗೆ ಬಿಳಿಚು. ಬಿಳಿ ಟೈಲ್ಸ್ ಮೇಲೆ ಬರೀ ಕಪ್ಪು ಚುಕ್ಕೆ ಓಡಿದಂತೆ ಕಾಣುತ್ತದೆ. ಇದಕ್ಕೆ ಭೂತದ ಇರುವೆ ಅಂತ ಹೆಸರು. ಮೂರನೆಯದು ಬೂದುಗಪ್ಪು, ಕಾಲು ಮೀಸೆ ಎರಡೂ ಉದ್ದ, ದಿಕ್ಕೆಟ್ಟವರ ಹಾಗೆ ಅಡ್ಡಾದಿಡ್ಡಿ ಓಡುತ್ತದೆ. ಇಂಗ್ಲಿಷಿನವರು ಇದನ್ನು ಕ್ರೇಜಿ ಆ್ಯಂಟ್ ಅನ್ನುತ್ತಾರೆ. ಒಂದು ಸತ್ತ ಜಿರಳೆಯನ್ನು ಇಪ್ಪತ್ತು ಇರುವೆ ಸೇರಿ ತೇರು ಎಳೆದ ಹಾಗೆ ಎಳೆದುಕೊಂಡು ಹೋಗುವುದು ನೋಡಿದ್ದರೆ ಅದು ಬಹುಶಃ ಇದೇ.

ನೋಡಲು ಬೇಕಾಗಿದ್ದು ಒಂದು ಬಿಳಿ ಕಾಗದ, ಒಂದು ಭೂತಗನ್ನಡಿ. ನಾನು ಮೊಬೈಲ್ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿದೆ. ಅಡುಗೆಮನೆಯಲ್ಲಿದ್ದದ್ದು ಫೇರೋ. ತಾರಸಿಯ ದಾಸವಾಳದಲ್ಲಿದ್ದದ್ದು ಭೂತ.

ಪಾಲಾಗುವ ಸಂಸಾರ

ಗೊದ್ದದ ರಾಣಿ ರೆಕ್ಕೆ ಬಂದಾಗ ಗೂಡಿನಿಂದ ಹಾರಿ ಹೋಗಿ, ಒಂಟಿಯಾಗಿ ಹೊಸ ಸಂಸಾರ ಶುರು ಮಾಡಬೇಕು. ಹಾಗೆ ಹಾರಿದವುಗಳಲ್ಲಿ ಹೆಚ್ಚಿನವು ಹಕ್ಕಿ ಹಲ್ಲಿಗಳ ಬಾಯಿಗೆ ಹೋಗುತ್ತವೆ. ಫೇರೋ ಇರುವೆಗೆ ಆ ಗೋಜೇ ಇಲ್ಲ. ಅದರ ಗೂಡಿನಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು ರಾಣಿಗಳು. ಮದುವೆ ಗೂಡಿನೊಳಗೇ. ಜಾಗ ಇಕ್ಕಟ್ಟಾದರೆ, ಇಲ್ಲವೇ ಯಾರಾದರೂ ಕಾಟ ಕೊಟ್ಟರೆ, ಒಂದು ಗುಂಪು ಒಂದಿಷ್ಟು ಮೊಟ್ಟೆ ಮರಿ ಬಾಯಲ್ಲಿ ಕಚ್ಚಿಕೊಂಡು ನಡೆದೇ ಪಕ್ಕದ ಸಂದಿಗೆ ಹೋಗುತ್ತದೆ. ಜೊತೆಗೆ ರಾಣಿ ಬರದಿದ್ದರೂ ಚಿಂತೆಯಿಲ್ಲ, ಹೊತ್ತು ತಂದ ಮರಿಗಳಲ್ಲೇ ಹೊಸ ರಾಣಿಯನ್ನು ಬೆಳೆಸಿಕೊಳ್ಳುತ್ತವೆ. ಬಾಳೆಯ ಕಂದು ಒಡೆದ ಹಾಗೆ. ಸ್ಪ್ರೇ ಹೊಡೆದಾಗ ಆಗಿದ್ದು ಇದೇ. ಹೊರಗೆ ತಿನ್ನಲು ಬಂದಿದ್ದ ಸಾವಿರ ಇರುವೆ ಸತ್ತವು, ಗೋಡೆಯೊಳಗಿದ್ದ ಸಂಸಾರ ನಾಲ್ಕು ಪಾಲಾಯಿತು.

ಪಾಲಾದ ಮೇಲೆ ನಮ್ಮಲ್ಲಾದರೆ ಗೋಡೆ ಏಳುತ್ತದೆ, ಮಾತು ಬಿಡುತ್ತಾರೆ, ಅಲ್ವಾ? ಇವುಗಳಲ್ಲಿ ಅದೂ ಇಲ್ಲ. ಒಂದು ಪರೀಕ್ಷೆ ಮಾಡಿ ನೋಡಿದೆ, ನೀವೂ ಮಾಡಬಹುದು. ಒಂದು ಸ್ಟೀಲ್ ಡಬ್ಬದ ಒಳಗೋಡೆಗೆ ಟಾಲ್ಕಂ ಪೌಡರು ಸವರಿ. ಜಾರುವುದರಿಂದ ಹತ್ತಲು ಆಗುವುದಿಲ್ಲ. ದೇವರ ಮನೆಯ ಐದು ಇರುವೆ, ಬಚ್ಚಲಿನ ಐದು ಇರುವೆ, ಮೆತ್ತಗಿನ ಪೇಂಟ್ ಬ್ರಶ್ಶಿನಲ್ಲಿ ಎತ್ತಿ ಅದರೊಳಗೆ ಬಿಡಿ. ನನ್ನವು ಮೀಸೆಯಿಂದ ಮೀಸೆ ಮುಟ್ಟಿ, ಗುರುತು ಹಿಡಿದ ನೆಂಟರ ಹಾಗೆ ಮುಂದೆ ಹೋದವು. ತಾರಸಿಯ ಆ ಮೂಲೆಯ ಗೊದ್ದ, ಈ ಮೂಲೆಯ ಗೊದ್ದ ಎರಡನ್ನು ಬಿಟ್ಟೆ. ಅರ್ಧ ನಿಮಿಷದಲ್ಲಿ ಕಾಲು ಕಚ್ಚಿ ಹಿಡಿದುಕೊಂಡವು, ಬಿಡಿಸಲು ನನಗೇ ಕಷ್ಟವಾಯಿತು.

ಈ ಜಗಳವಿಲ್ಲದ ಗುಣದ ದೊಡ್ಡ ಉದಾಹರಣೆ ಅರ್ಜೆಂಟೈನಾದ ಇರುವೆ. ದಕ್ಷಿಣ ಅಮೆರಿಕದ ಪರಾನಾ ನದಿ ಬಯಲಿನದು. ತವರಿನಲ್ಲಿ ಅದಕ್ಕೆ ಅಕ್ಕಪಕ್ಕದ ಗೂಡುಗಳ ಜೊತೆ ದಿನವೂ ಕಾದಾಟ. 1891ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಬಂದರಿನಲ್ಲಿ ಕಂಡಿತು, ಆಮೇಲೆ ಯುರೋಪಿನಲ್ಲೂ ಹಬ್ಬಿತು. ಹೊಸ ನೆಲಕ್ಕೆ ಬಂದವು ಕೆಲವೇ ಕುಟುಂಬದವು. ಹಾಗಾಗಿ ಮೈವಾಸನೆ ಬಹುಪಾಲು ಒಂದೇ. ವಾಸನೆ ಒಂದೇ ಆದರೆ ಪರಕೀಯ ಅನ್ನುವವರೇ ಇಲ್ಲ. 2002ರಲ್ಲಿ ವಿಜ್ಞಾನಿಗಳು ಇಟಲಿಯಿಂದ ಸ್ಪೇನ್, ಪೋರ್ಚುಗಲ್ ಕಡಲ ತೀರದವರೆಗೆ ಸುಮಾರು 6,000 ಕಿಲೋಮೀಟರ್ ಉದ್ದಕ್ಕೂ ಇರುವ ಒಂದೇ ಮಹಾಕುಟುಂಬವನ್ನು ತೋರಿಸಿದರು. ನಾನು ಸ್ಟೀಲ್ ಡಬ್ಬದಲ್ಲಿ ಮಾಡಿದ ಪರೀಕ್ಷೆಯ ಹಾಗೇ, ದೂರದೂರದ ಇರುವೆಗಳನ್ನು ಎದುರುಬದುರು ಬಿಟ್ಟು ನೋಡಿದ್ದು. ಜಗಳಕ್ಕೆ ಖರ್ಚಾಗಬೇಕಿದ್ದ ಶಕ್ತಿಯೆಲ್ಲ ಊಟ ಹುಡುಕುವುದಕ್ಕೆ, ಮರಿ ಸಾಕುವುದಕ್ಕೆ ಹೋಗುತ್ತದೆ. ಅಲ್ಲಿನ ಸ್ಥಳೀಯ ಇರುವೆಗಳು ಒಂಟಿ ಗೂಡಿನಲ್ಲಿ ಕೂತು ಈ ಲೆಕ್ಕಕ್ಕೆ ಎದುರು ನಿಲ್ಲುವುದು ಹೇಗೆ?

ಏನು ತಿನ್ನುತ್ತವೆ ಅಂತ ಕೇಳಿ

ಒಂದು ಹಳೇ ಪೋಸ್ಟ್‌ಕಾರ್ಡೋ, ಮದುವೆ ಕಾಗದವೋ ತಗೊಳ್ಳಿ. ಒಂದು ತುದಿಗೆ ಸಕ್ಕರೆ ನೀರಿನ ಹನಿ, ಇನ್ನೊಂದು ತುದಿಗೆ ತುಪ್ಪದಲ್ಲಿ ಕಲಸಿದ ಶೇಂಗಾ ಪುಡಿ. ಸಾಲಿನ ಪಕ್ಕ ರಾತ್ರಿ ಇಟ್ಟು ಒಂದು ಗಂಟೆ ಬಿಟ್ಟು ನೋಡಿ. ಎಲ್ಲಿ ಜನ ಜಾಸ್ತಿ ಅಲ್ಲಿ ಅವತ್ತಿನ ಹಸಿವು.

ಅವತ್ತಿನ ಅಂತ ಯಾಕೆ ಅಂದೆ ಅಂದರೆ, ಫೇರೋ ಇರುವೆ ರುಚಿ ಬದಲಾಯಿಸುತ್ತದೆ. ನಾಲ್ಕು ದಿನ ಸಿಹಿ ತಿಂದು ಸಾಕಾದರೆ ಎಣ್ಣೆ ಜಿಡ್ಡಿನ ಕಡೆ ಹೋಗುತ್ತದೆ. ಹೊಸ ಊರಿನಲ್ಲಿ ಬದುಕಲು ಇಂಥ ಬಾಯಿ ಬೇಕು. ಸಿಕ್ಕಿದ್ದನ್ನು ತಿನ್ನಬೇಕು, ಒಂದಕ್ಕೇ ಅಂಟಿಕೊಳ್ಳಬಾರದು. ನಮ್ಮನೆಯಲ್ಲಿ ಹೂರಣ, ತುಪ್ಪ, ಸತ್ತ ಸೊಳ್ಳೆ, ಅತ್ತೆಯವರ ಮಾತ್ರೆಯ ಸಕ್ಕರೆ ಲೇಪ, ಎಲ್ಲವೂ ಅವಕ್ಕೆ ನಡೆಯಿತು. ಅದಕ್ಕೇ ಒಂದೇ ಬಗೆಯ ಆಮಿಷ ಇಟ್ಟು "ತಿನ್ನುತ್ತಲೇ ಇಲ್ಲ" ಅನ್ನಬೇಡಿ.

ಆಮಿಷ ಮಾಡುವ ಬಗೆ

ಇರುವೆಗಳಿಗೆ ಎರಡು ಹೊಟ್ಟೆ. ಒಂದು ಸ್ವಂತದ್ದು, ಇನ್ನೊಂದು ಊರಿನದು. ದ್ರವ ಆಹಾರವನ್ನು ಊರಹೊಟ್ಟೆಯಲ್ಲಿ ತುಂಬಿಕೊಂಡು ಹೋಗಿ ಬಾಯಿಂದ ಬಾಯಿಗೆ ಹಂಚುತ್ತವೆ. ಹಾಗೇ ಕೈ ದಾಟಿ ದಾಟಿ ರಾಣಿಗೂ ಮರಿಗೂ ಸೇರುತ್ತದೆ. ನಮಗೆ ಬೇಕಾಗಿದ್ದು ಈ ಪಂಕ್ತಿ ಊಟ. ಹಾಗಾಗಿ ವಿಷ ನಿಧಾನದ್ದಾಗಿರಬೇಕು. ತಿಂದವು ಮನೆ ಸೇರಬೇಕು, ಬಡಿಸಬೇಕು, ಆಮೇಲೆ ಸಾಯಬೇಕು.

ನಾನು ಬಳಸಿದ್ದು ಬೋರಿಕ್ ಆಸಿಡ್ ಪುಡಿ. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಕ್ಯಾರಂ ಬೋರ್ಡಿಗೆ ಹಾಕುವ ಪೌಡರಿನಲ್ಲೂ ಎಷ್ಟೋ ಸಲ ಇದೇ ಇರುತ್ತದೆ, ಆದರೆ ಕೆಲವದರಲ್ಲಿ ಬರೀ ಪಿಷ್ಟದ ಪುಡಿ ಇರುವುದರಿಂದ ಡಬ್ಬದ ಮೇಲೆ ಓದಿ ತಗೊಳ್ಳಿ. ಅಳತೆ ಇಷ್ಟು:

ಉಗುರುಬೆಚ್ಚಗಿನ ನೀರು 100 ಮಿ.ಲೀ.
ಸಕ್ಕರೆ 20 ಗ್ರಾಂ
ಬೋರಿಕ್ ಆಸಿಡ್ 1 ಗ್ರಾಂ, ಅಂದರೆ ಸುಮಾರು ಕಾಲು ಟೀ ಚಮಚ, ತಲೆ ಸವರಿದ್ದು

ಅಷ್ಟೇನಾ ಅನಿಸುತ್ತದೆ. ನನಗೂ ಅನಿಸಿತು. ಮೊದಲ ಸಲ ಸಿಟ್ಟಿನಲ್ಲಿ ಎರಡು ದೊಡ್ಡ ಚಮಚ ಸುರಿದೆ. ಬೆಳಿಗ್ಗೆ ಎದ್ದು ನೋಡಿದರೆ ಪಾಕ ಇಟ್ಟ ಮುಚ್ಚಳದ ಸುತ್ತ ಎಳ್ಳು ಚೆಲ್ಲಿದ ಹಾಗೆ ಸತ್ತು ಬಿದ್ದಿದ್ದವು. ಖುಷಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಬದುಕಿದ್ದವು ಆ ಕಡೆ ತಲೆಯನ್ನೇ ಹಾಕಲಿಲ್ಲ. ಇದಕ್ಕೂ ಒಂದು ಕಾರಣ ಇರಬಹುದು. ಫೇರೋ ಇರುವೆ ದಾರಿ ತೋರಿಸುವ ವಾಸನೆ ಮಾತ್ರವಲ್ಲ, "ಈ ಕಡೆ ಬರಬೇಡಿ" ಅನ್ನುವ ವಾಸನೆಯನ್ನೂ ದಾರಿಯಲ್ಲಿ ಹಚ್ಚುತ್ತದೆ ಅಂತ 2005ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಕೊಂಡಿದ್ದಾರೆ. ನಮ್ಮ ರಸ್ತೆಯ ನೋ ಎಂಟ್ರಿ ಬೋರ್ಡಿನ ಹಾಗೆ. ವ್ಯತ್ಯಾಸ ಇಷ್ಟೇ, ಇವು ಅದನ್ನು ಪಾಲಿಸುತ್ತವೆ.

ಎರಡನೇ ಸಲ ಸರಿಯಾಗಿ ಅಳೆದೆ. ನೀರಿನ ಬಾಟಲಿಯ ಮುಚ್ಚಳದಲ್ಲಿ ಹತ್ತಿ ಉಂಡೆ ಇಟ್ಟು, ಅದು ನೆನೆಯುವಷ್ಟು ಪಾಕ ಹಾಕಿದೆ. ಹತ್ತಿ ಇಲ್ಲದಿದ್ದರೆ ಮುಳುಗಿ ಸಾಯುತ್ತವೆ. ಸಾಲಿನ ಮೇಲೇ ಇಡಬೇಡಿ, ಎರಡು ಬೆರಳು ಪಕ್ಕಕ್ಕಿಡಿ. ಮುಚ್ಚಳದ ಮೇಲೆ ತೂತು ಮಾಡಿದ ಹಳೇ ಐಸ್‌ಕ್ರೀಂ ಡಬ್ಬ ಕವುಚಿ, ಟೇಪು ಹಾಕಿ, ಮೇಲೆ "ವಿಷ" ಅಂತ ಬರೆಯಿರಿ. ಮಕ್ಕಳು, ಬೆಕ್ಕು ನಾಯಿ ಇರುವ ಮನೆಯಲ್ಲಿ ಇದನ್ನು ತಪ್ಪಿಸಲೇಬೇಡಿ. ಅಡುಗೆ ಪಾತ್ರೆಯಲ್ಲಿ ಕಲಸಬೇಡಿ. ಉಳಿದ ಪಾಕದ ಸೀಸೆ ಫ್ರಿಜ್ಜಿನಲ್ಲಿ ಇಡಬೇಡಿ, ಯಾರಾದರೂ ಶರಬತ್ತು ಅಂದುಕೊಂಡಾರು.

ಆಮೇಲೆ ಕಷ್ಟದ ಕೆಲಸ: ಸುಮ್ಮನಿರುವುದು.

ಮೊದಲ ದಿನ ಇರುವೆ ಹತ್ತು ಪಟ್ಟಾಗುತ್ತದೆ. ಮುಚ್ಚಳದ ಸುತ್ತ ಒಂದಕ್ಕೊಂದು ಒತ್ತಿಕೊಂಡು, ತಲೆ ಒಳಗೆ ಹಿಂಭಾಗ ಹೊರಗೆ ಮಾಡಿ, ಅಲ್ಲಾಡದೆ ನಿಂತಿದ್ದವು. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರ ಹಾಗೆ ಹಿಂದೆ ಇನ್ನೊಂದು ಸುತ್ತು. ಕುಡಿದು ತಿರುಗಿದವು ಹೊಟ್ಟೆ ಭಾರಕ್ಕೆ ನಿಧಾನವಾಗಿ ಹೋಗುತ್ತಿದ್ದವು. ಎದುರು ಬಂದದ್ದಕ್ಕೆ ಮೀಸೆ ತಾಗಿಸಿ ಒಂದು ಕ್ಷಣ ನಿಂತು ಮುಂದೆ. ಅತ್ತೆಯವರು ನೋಡಿ "ನೀನು ಓಡಿಸುತ್ತಾ ಇದ್ದೀಯೋ, ಸಾಕುತ್ತಾ ಇದ್ದೀಯೋ?" ಅಂದರು. ಪೊರಕೆ ಅವರ ಕೈಯಲ್ಲೇ ಇತ್ತು. ತಡೆದು ನಿಲ್ಲಿಸುವುದೇ ದೊಡ್ಡ ಕೆಲಸವಾಯಿತು.

ಈ ದಿನಗಳಲ್ಲಿ ಆ ಸಾಲನ್ನು ಒರೆಸಬಾರದು. ಫಿನಾಯಿಲು, ಇರುವೆ ಚಾಕ್‌ಪೀಸು, ಅರಿಶಿನದ ಗೆರೆ, ಯಾವುದೂ ಬೇಡ. ಆ ವಾಸನೆ ದಾರಿಯೇ ನಿಮ್ಮ ಔಷಧಿ ಹೋಗುವ ರಸ್ತೆ. ಬೇರೆ ಆಹಾರ ಮಾತ್ರ ಮುಚ್ಚಿಡಿ, ಇಲ್ಲದಿದ್ದರೆ ಹೂರಣ ಬಿಟ್ಟು ನಿಮ್ಮ ಪಾಕಕ್ಕೆ ಯಾಕೆ ಬಂದಾವು? ಎರಡು ದಿನಕ್ಕೊಮ್ಮೆ ಪಾಕ ಬದಲಿಸಿ, ಮೈಸೂರಿನ ಏಪ್ರಿಲ್ ಸೆಕೆಗೆ ಹುಳಿ ಬರುತ್ತದೆ. ಜನ ಕಮ್ಮಿಯಾದ ಕೂಡಲೇ ನಿಲ್ಲಿಸದೆ ರುಚಿ ಬದಲಿಸಿ. ಶೇಂಗಾ ಪುಡಿ, ತುಪ್ಪ, ಚಿಟಿಕೆ ಬೋರಿಕ್ ಕಲಸಿದ ಸಾಸಿವೆ ಗಾತ್ರದ ಉಂಡೆ ಇಟ್ಟಾಗ ನಮ್ಮಲ್ಲಿ ಮತ್ತೆ ಸಾಲು ಬಂತು. ನಾಲ್ಕೂ ಜಾಗದಲ್ಲಿ ಒಟ್ಟಿಗೇ ಇಡಬೇಕು. ಪಾಲಾದ ಸಂಸಾರ ಅಲ್ವಾ, ಒಂದು ಮನೆ ಬಿಟ್ಟರೂ ಅಲ್ಲಿಂದ ಮತ್ತೆ ಚಿಗುರುತ್ತದೆ. ಬಚ್ಚಲು ಕೊನೆಗೆ ಖಾಲಿಯಾಯಿತು. ಇಪ್ಪತ್ತೆರಡನೇ ದಿನ. ಆಮೇಲೆ ಸೋಪಿನ ನೀರಿನಲ್ಲಿ ದಾರಿಗಳನ್ನೆಲ್ಲ ಉಜ್ಜಿ ಒರೆಸಿದೆ, ಟೈಲ್ಸ್ ಸಂದಿಗೆ ವೈಟ್ ಸಿಮೆಂಟ್ ತುಂಬಿಸಿದೆ.

ತಾರಸಿಯ ಹಸು ಸಾಕಣೆ

ಒಳಗೆ ಗೆದ್ದೆ ಅಂತ ಮೇಲೆ ಹೋದರೆ ದಾಸವಾಳದ ಮೊಗ್ಗೆಲ್ಲ ಬಿಳಿ ಹಿಟ್ಟು ತಿಗಣೆ. ಕುಂಡದ ಅಂಚಿನಿಂದ ಮೊಗ್ಗಿನವರೆಗೆ ಭೂತದ ಇರುವೆಯ ಸಾಲು. ತಿಗಣೆ ಗಿಡದ ರಸ ಹೀರಿ ಸಿಹಿ ಅಂಟು ಹೊರಹಾಕುತ್ತದೆ. ಇರುವೆ ಅದನ್ನು ಕುಡಿಯುತ್ತದೆ, ಬದಲಿಗೆ ತಿಗಣೆಯನ್ನು ಕಾಯುತ್ತದೆ. ಮೊಮ್ಮಗನಿಗೆ ತೋರಿಸಲು ಸಕ್ಕರೆ ನೀರಿಗೆ ಕೇಸರಿಬಾತಿನ ಬಣ್ಣ ಒಂದು ಚಿಟಿಕೆ ಹಾಕಿ ಇಟ್ಟೆ. ಭೂತದ ಇರುವೆಯ ಹೊಟ್ಟೆ ಪಾರದರ್ಶಕ. ಕುಡಿದವೆಲ್ಲ ಕಿತ್ತಳೆ ದೀಪ ಹೊತ್ತುಕೊಂಡು ನಡೆದ ಹಾಗೆ ಕಂಡವು. ಅವು ಹೋದ ದಾರಿ ಹಿಡಿದು ನೋಡಿದರೆ ಗೂಡು ದಾಸವಾಳದಲ್ಲಿ ಇರಲೇ ಇಲ್ಲ, ಪಕ್ಕದ ಖಾಲಿ ಕುಂಡದ ಕೆಳಗಿತ್ತು.

ಗುಲಗಂಜಿ ಹುಳುಗಳಲ್ಲಿ ಒಂದು ಜಾತಿ ಹಿಟ್ಟು ತಿಗಣೆಯನ್ನೇ ತಿಂದು ಬದುಕುತ್ತದೆ. ಆಸ್ಟ್ರೇಲಿಯಾದಿಂದ 1898ರಲ್ಲಿ ನಮ್ಮ ದೇಶಕ್ಕೆ ತಂದದ್ದು. ತಂದು ಬಿಟ್ಟರೂ ಇರುವೆ ಕಾವಲಿದ್ದರೆ ಅದಕ್ಕೆ ಉಳಿಗಾಲವಿಲ್ಲ. ಹಾಗಾಗಿ ಕ್ರಮ ಹೀಗೆ: ಮೊದಲು ನೀರಿನ ಪೈಪಿನಲ್ಲಿ ರಭಸವಾಗಿ ಹೊಡೆದು ತಿಗಣೆ ಉದುರಿಸಿ. ಉಳಿದದ್ದಕ್ಕೆ ಬೇವಿನ ಸೋಪಿನ ನೀರು. ಗಿಡದ ಕಾಂಡಕ್ಕೆ ಕಾಗದ ಸುತ್ತಿ ಅದರ ಮೇಲೆ ಅಂಟು ಗ್ರೀಸ್ ಹಚ್ಚಿ, ನೇರ ತೊಗಟೆಗೆ ಬೇಡ. ಗೋಡೆಗೆ, ಪಕ್ಕದ ಗಿಡಕ್ಕೆ ತಾಗುವ ಕೊಂಬೆ ಕತ್ತರಿಸಿ. ಒಂದೇ ಒಂದು ಎಲೆ ತಾಗಿದರೂ ಅದು ಸೇತುವೆ.

ಇದನ್ನೇ ದೊಡ್ಡದಾಗಿ ಮಾಡಿ ನೋಡಿದ ದ್ವೀಪವೊಂದಿದೆ. ಹಿಂದೂ ಮಹಾಸಾಗರದಲ್ಲಿ ಆಸ್ಟ್ರೇಲಿಯಾಕ್ಕೆ ಸೇರಿದ ಕ್ರಿಸ್ಮಸ್ ದ್ವೀಪ. ಅಲ್ಲಿ ಹಳದಿ ಕ್ರೇಜಿ ಇರುವೆಯ ಮಹಾಕುಟುಂಬ ಮೊದಲು ಕಂಡಿದ್ದು 1989ರಲ್ಲಿ. ಅವು ಕಚ್ಚುವುದಿಲ್ಲ, ಆಸಿಡ್ ಚಿಮ್ಮುತ್ತವೆ. ಅಡವಿಯ ಕೆಂಪು ಏಡಿಗಳು ಕಣ್ಣು ಬಾಯಿಗೆ ಆಸಿಡ್ ಬಿದ್ದು ಕೋಟಿ ಲೆಕ್ಕದಲ್ಲಿ ಸತ್ತವು. ಅಷ್ಟು ಇರುವೆಗೆ ಊಟ ಎಲ್ಲಿಂದ ಅಂದರೆ ಹಿಟ್ಟು ತಿಗಣೆಯ ಹಾಗೇ ಮರದ ರಸ ಹೀರುವ ಶಲ್ಕ ಕೀಟಗಳ ಸಿಹಿ ಅಂಟು. ವಿಷ ಉದುರಿಸಿ ಉದುರಿಸಿ ಸಾಕಾದ ಮೇಲೆ 2016ರಲ್ಲಿ ಮಲೇಷ್ಯಾದಿಂದ ಒಂದು ಕಿರು ಕಣಜ ತಂದು ಬಿಟ್ಟರು. ಅದು ಇರುವೆಯನ್ನು ಮುಟ್ಟುವುದಿಲ್ಲ, ಶಲ್ಕ ಕೀಟದೊಳಗೆ ಮೊಟ್ಟೆಯಿಡುತ್ತದೆ. ಇರುವೆಯ ಡೈರಿ ಮುಚ್ಚುವ ಉಪಾಯ. ನಾನು ಪೈಪು ಹಿಡಿದದ್ದೂ ಅದಕ್ಕೇ. ಈ ಹಳದಿ ಇರುವೆ ನಮಗೆ ದೂರದ್ದೇನಲ್ಲ. 2022ರಲ್ಲಿ ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಕರಂದಮಲೆ ಕಾಡಿನ ಅಂಚಿನ ಹಳ್ಳಿಗಳಿಗೆ ನುಗ್ಗಿ ದನಕರುಗಳಿಗೂ ಕಾಟ ಕೊಟ್ಟಿತು.

ಹೊಸ ಕುಂಡ ಮನೆಗೆ ತರುವ ಮುಂಚೆ

ತೋಟದಲ್ಲಿ ಕಾಲಿಟ್ಟರೆ ಉರಿ ಹತ್ತಿಸುವ ಕೆಂಜಿಗಗಳಲ್ಲಿ ಒಂದು ಜಾತಿ ನಮ್ಮದಲ್ಲ, ಅಮೆರಿಕ ಖಂಡದ್ದು. 16ನೇ ಶತಮಾನದಲ್ಲಿ ಮೆಕ್ಸಿಕೋದ ಅಕಾಪುಲ್ಕೋದಿಂದ ಮನಿಲಾಗೆ ಓಡಾಡುತ್ತಿದ್ದ ಸ್ಪೇನಿನ ಬೆಳ್ಳಿ ಹಡಗುಗಳಲ್ಲಿ ಏಷ್ಯಾಕ್ಕೆ ಬಂದಿರಬೇಕು ಅಂತ ಅದರ ವಂಶವಾಹಿ ನೋಡಿದವರು ಹೇಳುತ್ತಾರೆ. ಈಗ ಆ ಹಡಗಿನ ಕೆಲಸವನ್ನು ನರ್ಸರಿ ಕುಂಡ ಮಾಡುತ್ತಿದೆ. ನನ್ನ ಭೂತದ ಇರುವೆ ಬಂದದ್ದೂ ಒಂದು ಕುಂಡದ ಜೊತೆಗೇ ಅಂತ ನನ್ನ ಅನುಮಾನ.

ಈಗ ಯಾವ ಗಿಡ ತಂದರೂ ಗೇಟಿನ ಹತ್ತಿರವೇ ಬಕೆಟ್ಟಿನಲ್ಲಿ ಮಣ್ಣು ಮುಳುಗುವಷ್ಟು ನೀರಿಗೆ ಅರ್ಧ ಗಂಟೆ ಇಡುತ್ತೇನೆ. ಇರುವೆ ಇದ್ದರೆ ಐದು ನಿಮಿಷಕ್ಕೇ ಮೇಲೆ ಬರುತ್ತವೆ. ಬಾಯಲ್ಲಿ ಬಿಳಿ ಮರಿ ಕಚ್ಚಿಕೊಂಡು ಕಾಂಡದ ತುದಿಗೆ ಓಡುತ್ತವೆ. ಆಮೇಲೆ ತಟ್ಟೆಯಲ್ಲಿ ಇಟ್ಟಿಗೆ, ಇಟ್ಟಿಗೆ ಮೇಲೆ ಕುಂಡ, ತಟ್ಟೆ ತುಂಬ ಸೋಪು ನೀರು. ಬರೀ ನೀರಾದರೆ ದೂಳು ಕಟ್ಟಿ ಅದರ ಮೇಲೇ ದಾಟುತ್ತವೆ. ಹೀಗೆ ಎರಡು ವಾರ. ಮಳೆಗಾಲಕ್ಕೆ ಮುಂಚೆ ಒಂದು ಸಲ ಅಡುಗೆಮನೆಯಲ್ಲಿ ಸಾದಾ ಸಕ್ಕರೆ ನೀರು ಇಟ್ಟು ಯಾರಾದರೂ ಬರುತ್ತಾರಾ ಅಂತ ನೋಡುತ್ತೇನೆ, ಮಳೆ ನೀರು ಗೂಡಿಗೆ ನುಗ್ಗಿದರೆ ಇರುವೆ ಒಣ ಗೋಡೆ ಹುಡುಕಿಕೊಂಡು ಒಳಗೆ ಬರುತ್ತದೆ.

ಹೋದ ವಾರ ಎದುರುಮನೆಯವರು ದುಂಡುಮಲ್ಲಿಗೆ ಕುಂಡ ತಂದುಕೊಟ್ಟರು. ಕಾಫಿ ಕುಡಿದು ಹೋಗುವಾಗ ಅದು ಬಕೆಟ್ಟಿನಲ್ಲಿ ಮುಳುಗಿದ್ದು ನೋಡಿ ಅವರ ಮುಖ ಸಣ್ಣದಾಯಿತು. ಅತ್ತೆಯವರೇ ಸಮಾಧಾನ ಹೇಳಿದರು: "ಗಿಡಕ್ಕೇನೂ ಆಗಲ್ಲಮ್ಮ. ನಮ್ಮನೇಲಿ ನೆಂಟರಿಗೂ ಮೊದಲು ಸ್ನಾನ."